ಹಗ್ಗಜಗ್ಗಾಟ ಗೆಲ್ಲಲು ಬೇಕಾದದ್ದು ಬಲವೋ, ಪಟ್ಟೋ?

ತೋಳಲ್ಲಿ ಕಸುವಿದ್ದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ಮೂಡಿಗೆರೆ ಕಡೆ ಮಳೆಗಾಲದ ಕೆಸರುಗದ್ದೆ ಆಟ ನೋಡಿ. ಕಾಫಿ ಮೂಟೆ ಎತ್ತುವ ದಾಂಡಿಗರು ಒಬ್ಬೊಬ್ಬರು ಒಂದೊಂದು ಸಲ ಜಗ್ಗಿ, ಕಾಲು ಜಾರಿ, ಸಾಲಾಗಿ ಬೀಳುತ್ತಾರೆ. ಎದುರಿನ ಸಣಕಲರು ಹಿಮ್ಮಡಿಯನ್ನು ಕೆಸರಲ್ಲಿ ಹೂತು, ಹಿಂದಕ್ಕೆ ವಾಲಿ, ಸುಮ್ನೆ ಹಗ್ಗ ಹಿಡಿದು ನಿಂತಿರುತ್ತಾರೆ. ದಾಂಡಿಗರು ಸುಸ್ತಾದರು ಅನ್ನುವಾಗ ಸಣಕಲರದ್ದು "ಐಸಾ" ಎಂದು ಎಲ್ಲರೂ ಒಟ್ಟಿಗೆ ಒಂದೇ ಎಳೆತ!

ನಿಜಕ್ಕೂ ಎಳೆಯುವುದು ತೋಳಲ್ಲ, ಕಾಲು ಮತ್ತು ಮೈಭಾರ. ಪಾದಕ್ಕೆ ನೆಲದ ಹಿಡಿತ ತಪ್ಪಿದರೆ ಎಷ್ಟು ಬಲವಿದ್ದರೂ ಅದು ಹಗ್ಗಕ್ಕೆ ದಾಟುವುದಿಲ್ಲ.

ಹಾಗಂತ ತೂಕ ಲೆಕ್ಕಕ್ಕಿಲ್ಲ ಅಂತಲ್ಲ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 8 ಜನರ ಒಟ್ಟು ತೂಕ ನೋಡಿಯೇ ವಿಭಾಗ ಮಾಡುತ್ತಾರೆ. ನೂರಿನ್ನೂರು ಕಿಲೋ ಜಾಸ್ತಿ ಇರುವ ತಂಡದ ಮುಂದೆ ನನ್ನ ಪ್ರಕಾರ ಯಾವ ಪಟ್ಟೂ ನಡೆಯುವುದಿಲ್ಲ.