ಕೇಳಿದರೆ ಕೊಡುತ್ತಾನಂತೆ

‘ಅವನು ದುಡೀತಾನಲ್ಲ, ಮತ್ತೆ ನಿನಗೇನು ಕಮ್ಮಿ?’ ಸಲಹೆಗೆಂದು ನನ್ನ ಬಳಿ ಬರುವ ಬಸುರಿಯರು ಈ ಮಾತನ್ನು ಅದಾಗಲೇ ನಾಲ್ಕಾರು ಬಾಯಿಂದ ಕೇಳಿಸಿಕೊಂಡು ಬಂದಿರುತ್ತಾರೆ. ಗಂಡ ಕುಡಿದು ಹೊಡೆಯುತ್ತಿದ್ದರೆ ಅಕ್ಕಪಕ್ಕದವರಾದರೂ ‘ಅಯ್ಯೋ’ ಅನ್ನುತ್ತಾರೆ. ಬಾಡಿಗೆ ಕಟ್ಟುವ, ಅಕ್ಕಿಬೇಳೆ ತಂದು ಹಾಕುವ, ಕೈ ಎತ್ತದ ಗಂಡಸಿನ ಮನೆಯಲ್ಲಿದ್ದುಕೊಂಡು ‘ನನ್ನ ಹತ್ತಿರ ದುಡ್ಡಿಲ್ಲ’ ಅನ್ನುವವಳಿಗೆ ಯಾರೂ ಹಾಗೆ ಅನ್ನುವುದಿಲ್ಲ. ಇಂಥವರು ಮತ್ತೆ ಮತ್ತೆ ಬರುತ್ತಿದ್ದಾರೆ. ಅವರಲ್ಲೊಬ್ಬಳ ಸಂಗತಿ ಇದು. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ರಾಯಚೂರು ಕಡೆಯವಳು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಟೈಲರ್. ಅವನು ಮಂಡ್ಯ ಕಡೆಯವನು, ಪೀಣ್ಯದಲ್ಲಿ ಮಷಿನ್ ಆಪರೇಟರ್, ಕೈಗೆ ಇಪ್ಪತ್ತನಾಲ್ಕು ಸಾವಿರ. ಜಾತಿ ಬೇರೆ, ಎರಡೂ ಮನೆಯವರು ಒಪ್ಪಿಲ್ಲ. ಒಂದೇ ಕೋಣೆಯಲ್ಲಿ ಎರಡು ವರ್ಷದಿಂದ ಸಂಸಾರ, ಮದುವೆ ನೋಂದಣಿ ಆಗಿಲ್ಲ. ಬಸುರಾಗಿ ಮೂರು ತಿಂಗಳಾದಾಗ ವಾಂತಿ ಜಾಸ್ತಿಯಾಗಿ ಆಗಸ್ಟ್‌ನಲ್ಲಿ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ನನ್ನಲ್ಲಿಗೆ ಬಂದದ್ದು ನವೆಂಬರ್‌ನಲ್ಲಿ.

ಮೊದಲ ಭೇಟಿಯಲ್ಲಿ ಅವಳು ಹೇಳಿದ್ದು ಅಷ್ಟಕ್ಕಷ್ಟೆ. ಎರಡನೆಯ ಸಲ ಅವನನ್ನೂ ಕರೆಸಿದೆ. ಬಂದ. ರಜೆ ಹಾಕಿ ಬಂದಿದ್ದ, ಅದನ್ನು ಹೇಳಲೇಬೇಕು. ಕೂತವನೇ ಅಂದ: ‘ಕೇಳಿದ್ರೆ ಯಾವತ್ತಾದ್ರೂ ಇಲ್ಲ ಅಂದಿದೀನಾ ಮೇಡಂ? ಅವಳನ್ನೇ ಕೇಳಿ.’

ನಾನು ಅವಳ ಕಡೆ ನೋಡಿದೆ. ಸೆರಗಿನ ತುದಿ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಕೇಳೂದ ಬಿಟ್ಟು ಎರಡ ತಿಂಗಳಾತ್ರಿ. ಕೇಳದಿದ್ರ ಇಲ್ಲ ಅನ್ನಾಕ ಹೆಂಗ ಬರ್ತದ?’

ಅವನಿಗೆ ಅರ್ಥವಾಗಲಿಲ್ಲ. ಯಾಕೆ ಬಿಟ್ಟೆ ಎಂದು ನಾನೇ ಕೇಳಿದೆ. ಕೇಳಿದಾಗಲೆಲ್ಲ ಅವನು ‘ಏನಕ್ಕೆ?’ ಅನ್ನುತ್ತಿದ್ದನಂತೆ. ಸಿಟ್ಟಿನಿಂದಲ್ಲ, ಸುಮ್ಮನೆ. ಕೊನೆಯ ಸಲ ಇನ್ನೂರು ಕೇಳಿದಾಗ ‘ಮೊನ್ನೆ ಕೊಟ್ಟಿದ್ದು ಏನಾಯ್ತು?’ ಅಂದನಂತೆ. ಅಷ್ಟೇ. ತಿಂಗಳಿಗೆ ಹನ್ನೆರಡೂವರೆ ಸಾವಿರ ತನ್ನ ಖಾತೆಗೆ ಬೀಳಿಸಿಕೊಂಡು, ಅದರಲ್ಲೇ ಊರಿಗೂ ಕಳಿಸುತ್ತಿದ್ದ ಹೆಣ್ಣುಮಗಳಿಗೆ ಆ ಪ್ರಶ್ನೆ ಎಲ್ಲಿ ತಾಗಿತೆಂದು ನನಗೆ ವಿವರಿಸಬೇಕಾಗಿರಲಿಲ್ಲ.

‘ಕೇಳದೆ ಇದ್ದದ್ದರಿಂದ ಏನೇನು ಬಿಟ್ಟೆ?’ ಎಂದೆ. ಹಣ್ಣು ಬಿಟ್ಟಿದ್ದಳು, ಅದು ನಿರೀಕ್ಷಿತ. ಹೋದ ತಿಂಗಳ ತಪಾಸಣೆಯನ್ನೂ ಬಿಟ್ಟಿದ್ದಳು. ಸಕ್ಕರೆ ಪರೀಕ್ಷೆ ಆಗಬೇಕಿದ್ದ ತಿಂಗಳು ಅದು. ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ, ದುಡ್ಡು ಕೊಡಬೇಕಿಲ್ಲ. ಹೆಂಗಸರಿಗೆ ಬಸ್ಸೂ ಪುಕ್ಕಟೆ. ಆದರೆ ಬಸ್ಸಿಳಿದ ಮೇಲೆ ಆಸ್ಪತ್ರೆಯವರೆಗೆ ಆಟೋಗೆ ನಲವತ್ತು ರೂಪಾಯಿ ಬೇಕಿತ್ತು, ನಡೆದರೆ ತಲೆ ಸುತ್ತುತ್ತಿತ್ತು.

‘ನಲವತ್ತು ರೂಪಾಯಿಗಾ?’ ಅಂದ ಅವನು. ಅವನ ಮುಖದಲ್ಲಿದ್ದ ಗಾಬರಿ ನಾಟಕವಾಗಿರಲಿಲ್ಲ. ಇಂಥ ಮನೆಗಳಲ್ಲಿ ಗಂಡಸಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದು ಅವನಿಗೆ ಅನುಕೂಲವೂ ಹೌದು.

ಸಲಹೆ ಶುರುವಾದದ್ದು ಅವನ ಸಂಬಳದಿಂದಲ್ಲ, ಅವಳ ಸಂಬಳದ ಚೀಟಿಯಿಂದ. ತಾನೂ ದುಡಿದವಳೆಂದು ತೋರಿಸಲು ಜುಲೈ ತಿಂಗಳ ಚೀಟಿಯನ್ನು ಪರ್ಸಿನಲ್ಲಿ ಮಡಿಸಿ ಇಟ್ಟುಕೊಂಡಿದ್ದಳು. ಅದರಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಕಡಿತವಿತ್ತು, ಸಂಬಳದ 0.75 ಶೇಕಡಾ, ಹತ್ತಿರಹತ್ತಿರ ತೊಂಬತ್ನಾಲ್ಕು ರೂಪಾಯಿ. ವಿಮಾ ಸಂಖ್ಯೆಯೂ ಇತ್ತು. ಇಎಸ್‌ಐ ಎಂದರೆ ಜ್ವರಕ್ಕೆ ಮಾತ್ರೆ ಕೊಡುವ ಜಾಗ ಎಂದಷ್ಟೇ ಅವಳು ತಿಳಿದಿದ್ದಳು.

ಲೆಕ್ಕ ಹೀಗಿದೆ. ಇಎಸ್‌ಐ ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜನವರಿಯಿಂದ ಜೂನ್ ಒಳಗೆ ಹೆರಿಗೆಯಾದರೆ ಹಿಂದಿನ ಸೆಪ್ಟೆಂಬರ್‌ಗೆ ಮುಗಿದ ಅವಧಿಯನ್ನೂ ಅದರ ಹಿಂದಿನದನ್ನೂ ಸೇರಿಸಿ ನೋಡುತ್ತಾರೆ. ಎರಡರಲ್ಲೂ ಕೂಡಿ 70 ದಿನದ ವಂತಿಗೆ ಇದ್ದರೆ ಸಾಕು. ಇವಳ ದಿನ ತುಂಬುವುದು ಫೆಬ್ರವರಿಯಲ್ಲಿ. ಆಗಸ್ಟ್‌ನಲ್ಲಿ ಕೆಲಸ ಬಿಟ್ಟಿದ್ದರೂ 70 ದಿನ ಎಂದೋ ದಾಟಿತ್ತು. ಮೊದಲೆರಡು ಹೆರಿಗೆಗೆ 26 ವಾರ, ಪೂರ್ತಿ ಸಂಬಳದ ಲೆಕ್ಕದಲ್ಲಿ, ಹೆರಿಗೆಗೆ 8 ವಾರ ಮುಂಚಿನಿಂದಲೂ ಪಡೆಯಬಹುದು. ಚೀಟಿಯ ಹಿಂದೆಯೇ ಬರೆದು ತೋರಿಸಿದೆ: ಎಪ್ಪತ್ತೈದು ಸಾವಿರದ ಆಸುಪಾಸು. ಅವಳಿಗೆ ನಂಬಿಕೆ ಬರಲಿಲ್ಲ. ‘ಮದ್ವಿ ಕಾಗದ ಕೇಳ್ತಾರಲ್ರಿ?’ ಅಂದಳು. ದುಡಿದ ಹೆಂಗಸಿನ ಸ್ವಂತ ಹೆರಿಗೆ ಸೌಲಭ್ಯಕ್ಕೆ ಮದುವೆ ಷರತ್ತಲ್ಲ.

ಗಾರ್ಮೆಂಟ್ಸ್‌ನ ಹೆಂಗಸರು ಹೆರಿಗೆಗೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆದು ಅದರಲ್ಲೇ ಬಾಣಂತನ ಮುಗಿಸುವುದನ್ನು ನಾನು ಬಹಳ ನೋಡಿದ್ದೇನೆ. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದವರಲ್ಲಿ ಹೆಚ್ಚಿನವರು ಈ ಹೆಂಗಸರೇ. ಕಷ್ಟಕಾಲಕ್ಕೆ ಅವರು ನಂಬಿರುವುದು ಅದೊಂದನ್ನೇ. ಹಾಗಾಗಿ ನನ್ನ ಮೊದಲ ಮಾತು: ರಾಜೀನಾಮೆಗೆ ಸಹಿ ಹಾಕಬೇಡ, ಪಿಎಫ್ ಮುಟ್ಟಬೇಡ, ಮೊದಲು ಇಎಸ್‌ಐ ಶಾಖಾ ಕಚೇರಿಗೆ ಹೋಗು.

ಬಸುರಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಮಾತೃವಂದನಾ ಯೋಜನೆಗೆ ಹೆಸರು ಬರೆಸಲು ಅಂಗನವಾಡಿಯಲ್ಲಿ ಹೇಳಿದ್ದರಂತೆ. ಅದನ್ನು ತಡೆದೆ. ಬೇರೆ ಕಾನೂನಿನಡಿ ಇದೇ ಬಗೆಯ ಸೌಲಭ್ಯ ಪಡೆಯುವವರಿಗೆ ಅದಿಲ್ಲ. ಐದು ಸಾವಿರದ ಆತುರದಲ್ಲಿ ಎಪ್ಪತ್ತೈದಕ್ಕೆ ತೊಡಕು ಬೇಡ. ಆದರೆ ಇಎಸ್‌ಐ ಇಲ್ಲದ, ಮನೆಗೆಲಸದ ಅಥವಾ ದುಡಿಯಲು ಹೋಗದ ಬಸುರಿಗೆ ಅದೇ ಮೊದಲ ದಾರಿ. ಮೊದಲ ಮಗುವಿಗೆ 3,000 ಮತ್ತು 2,000, ಎರಡು ಕಂತು. ಎರಡನೆಯದು ಹೆಣ್ಣಾದರೆ 6,000. ‘ಗಂಡ ದುಡೀತಾನೆ, ನಿನಗೆ ಬರಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ: ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಸಾಕು. ಗಂಡನ ಆಧಾರ್ ಕಡ್ಡಾಯವೂ ಅಲ್ಲ. ದುಡ್ಡು ಬೀಳುವುದು ಅವಳ ಖಾತೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧಿ ಊಟ ಸಮೇತ ಪುಕ್ಕಟೆ. ಅಲ್ಲಿ ಯಾರ ಸಂಬಳವನ್ನೂ ಕೇಳುವಂತಿಲ್ಲ. ಗೃಹಲಕ್ಷ್ಮಿಯ ಮಾತು ಬೇರೆ. ಅದು ರೇಷನ್ ಕಾರ್ಡಿನ ಯಜಮಾನಿಗೆ, ಅಂದರೆ ಬಹುಪಾಲು ಮನೆಗಳಲ್ಲಿ ಅತ್ತೆಗೆ.

ಇನ್ನು ಅವನ ಪಾಲು. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ನಾಲ್ಕು ಸಾವಿರ ಅವಳ ಖಾತೆಗೆ ಹಾಕಬೇಕು, ಏನಕ್ಕೆ ಎಂದು ಕೇಳಬಾರದು ಎಂದೆ. ಅವನು ಒಪ್ಪಿ ತಲೆಯಾಡಿಸಿದ. ನನ್ನ ಜೊತೆಯವರೊಬ್ಬರು ಇದಕ್ಕೆ ಆಕ್ಷೇಪಿಸಿದರು: ‘ಚೆನ್ನಾಗಿರೋ ಸಂಸಾರದಲ್ಲಿ ನಿನ್ನ ದುಡ್ಡು, ನನ್ನ ದುಡ್ಡು ಅಂತ ಗೆರೆ ಎಳೆದಿರಿ.’ ಆ ಗೆರೆ ಮೊದಲೇ ಇತ್ತು, ಅದರ ಒಂದು ಕಡೆ ಇಪ್ಪತ್ತನಾಲ್ಕು ಸಾವಿರವೂ ಇನ್ನೊಂದು ಕಡೆ ಸೊನ್ನೆಯೂ ಇದ್ದವು. ಇನ್ನೊಬ್ಬರದು ಬೇರೆ ತಕರಾರು: ಮೊದಲು ಮದುವೆ ನೋಂದಣಿ ಮಾಡಿಸಬೇಕಿತ್ತಂತೆ. ಮಾಡಿಸಲಿ, ಒಳ್ಳೆಯದೇ. ಆದರೆ ಅದನ್ನು ಷರತ್ತು ಮಾಡಿದರೆ ಎರಡೂ ಮನೆಯವರ ಪಂಚಾಯ್ತಿ ಮುಗಿಯುವಷ್ಟರಲ್ಲಿ ಮಗು ಅಂಬೆಗಾಲಿಡುತ್ತದೆ. ಆರನೇ ತಿಂಗಳಲ್ಲಿರುವವಳಿಗೆ ಬೇಕಾದದ್ದು ಮುಂದಿನ ವಾರದ ತಪಾಸಣೆಗೆ ಆಟೋ ದುಡ್ಡು.

ಅವನನ್ನು ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳಿದೆ: ಊರಲ್ಲಿ ಮೊದಲೇ ಮದುವೆ ಆಗಿದೆಯಾ? ಇಲ್ಲ ಅಂದ. ಕೇಳಲು ಕಾರಣವಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧವನ್ನೂ ಒಳಗೊಳ್ಳುತ್ತದೆ, ಮನೆ ಖರ್ಚಿಗೆ ದುಡ್ಡು ಕೊಡದಿರುವುದನ್ನು ಆರ್ಥಿಕ ದೌರ್ಜನ್ಯ ಎನ್ನುತ್ತದೆ. ಆದರೆ ಗಂಡಸಿಗೆ ಹೆಂಡತಿ ಇರುವುದು ಗೊತ್ತಿದ್ದೂ ಜೊತೆಗಿದ್ದವಳಿಗೆ ಆ ರಕ್ಷಣೆ ಸಿಗುವುದಿಲ್ಲವೆಂದು 2013ರಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಯ್ದೆಯ ವಿಷಯವನ್ನು ಅವಳಿಗೆ ಪ್ರತ್ಯೇಕವಾಗಿ ತಿಳಿಸಿದೆ. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಉಂಟು, 15100ಕ್ಕೆ ಕರೆ ಮಾಡಬಹುದು ಎಂದೂ ಹೇಳಿದೆ. ಅವನ ಮುಂದೆ ಕಾಯ್ದೆಯ ಹೆಸರೆತ್ತಲಿಲ್ಲ. ರಜೆ ಹಾಕಿ ಬಂದು ಕೂತವನನ್ನು ಅಂದೇ ಆರೋಪಿ ಮಾಡಿದ್ದರೆ ಮುಂದಿನ ಸಲ ಬರುತ್ತಿರಲಿಲ್ಲ.

ಇಎಸ್‌ಐ ಅರ್ಜಿ ಹೋಗಿದೆ, ಸಕ್ಕರೆ ಪರೀಕ್ಷೆಯೂ ಆಗಿದೆ. ಡಿಸೆಂಬರ್‌ನಲ್ಲಿ ನಾಲ್ಕು ಸಾವಿರ ಬಿತ್ತು. ಜನವರಿಯಲ್ಲಿ ಅವನೇ ಫೋನ್ ಮಾಡಿದ: ‘ಅವಳಿಗೆ ಇಎಸ್‌ಐದು ಬರುತ್ತಲ್ಲ ಮೇಡಂ, ಇನ್ನು ನಾನ್ಯಾಕೆ ಹಾಕ್ಬೇಕು?’ ಅವಳು ಕೆಲಸಕ್ಕೆ ಹೋಗುತ್ತಿದ್ದಾಗ ನೀನು ಬಾಡಿಗೆ ಕಟ್ಟುವುದು ಬಿಟ್ಟಿದ್ದೆಯಾ ಎಂದೆ. ಇಎಸ್‌ಐ ದುಡ್ಡು ಅವಳ ನಿಂತುಹೋದ ಸಂಬಳಕ್ಕೆ ಬದಲಿ, ನಿನ್ನ ಪಾಲಿಗೆ ಬದಲಿಯಲ್ಲ ಎಂದೆ. ‘ನೋಡ್ತೀನಿ’ ಅಂದ. ಈ ತಿಂಗಳು ಎರಡೇ ಸಾವಿರ ಹಾಕಿದ್ದಾನೆ. ಮುಂದಿನ ವಾರ ಇಬ್ಬರೂ ಬರಲಿದ್ದಾರೆ.