ಎಳೆದಷ್ಟೂ ಬಿಗಿಯುತ್ತಿದ್ದ ತೊಡೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸ್ಟ್ರೆಚಿಂಗ್ ಬಗ್ಗೆ ನಮ್ಮ ಸಲಹೆಗೆ ಬಂದವರು 41 ವರ್ಷದ ಮಹಿಳೆ. ದಿನಕ್ಕೆ ಎಂಟೊಂಬತ್ತು ಗಂಟೆ ಕೂತು ಮಾಡುವ ಕೆಲಸ, ಆರು ತಿಂಗಳಿಂದ ವಾರಕ್ಕೆ ಮೂರು ದಿನ ಓಟ. "ಎಷ್ಟು ಸ್ಟ್ರೆಚ್ ಮಾಡಿದರೂ ಬಲತೊಡೆಯ ಹಿಂಭಾಗ ಬಿಡುತ್ತಲೇ ಇಲ್ಲ. ಎಳೆದಷ್ಟೂ ಹಿಡಿದುಕೊಳ್ಳುತ್ತದೆ" ಎಂಬುದು ಅವರ ದೂರು.

ಹೇಗೆ ಮಾಡುತ್ತೀರಿ, ತೋರಿಸಿ ಎಂದಾಗ ಮಂಡಿಗಳನ್ನು ಸೆಟೆಸಿ ನಿಂತು, ಬಗ್ಗಿ, ಕಾಲ್ಬೆರಳು ಮುಟ್ಟಲು ಇಪ್ಪತ್ತು ಸಲ ಜಗ್ಗಿದರು. ಉಸಿರು ಕಟ್ಟಿತ್ತು, ಹಲ್ಲು ಕಚ್ಚಿತ್ತು, ಬೆನ್ನು ಪೂರ್ತಿ ಗೂನಾಗಿತ್ತು. ಹಾಸಿಗೆಯಿಂದ ಎದ್ದ ಹತ್ತೇ ನಿಮಿಷಕ್ಕೆ ಇದನ್ನು ಮುಗಿಸಿ ಹಾಗೇ ಓಡಲು ಹೋಗುತ್ತಿದ್ದರು. ಓಟದ ನಂತರ ಏನೂ ಇಲ್ಲ. ನೋವಾದರೆ ಮಾತ್ರ ಫಲ ಎಂದು ಗಟ್ಟಿಯಾಗಿ ನಂಬಿದ್ದರು.

ಸ್ನಾಯುವನ್ನು ಹೀಗೆ ಜೋರಾಗಿ ಜಗ್ಗಿ ಜಗ್ಗಿ ಎಳೆದರೆ ಅದು ಸುಲಭವಾಗಿ ಸಡಿಲಗೊಳ್ಳುವುದಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಮರುಕ್ಷಣವೇ ಬಿಗಿದುಕೊಳ್ಳಬಹುದು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಹಾಗಾಗಿ ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಗ್ಗುವುದು ಸೊಂಟಕ್ಕೆ ಹೆಚ್ಚಿನ ಹೊರೆ.

ಅವರನ್ನು ಅಂಗಾತ ಮಲಗಿಸಿ ಬಲಗಾಲನ್ನು ನೇರವಾಗಿ ಎತ್ತಿಸಿದೆವು. ಸುಮಾರು 60 ಡಿಗ್ರಿಗೆ ಸೆಳೆತ ಶುರು. ಕಾಲನ್ನು ಅಲ್ಲೇ ಹಿಡಿದು ಪಾದವನ್ನು ಮಾತ್ರ ಮುಖದ ಕಡೆ ಮಡಚಿದಾಗ ಸೆಳೆತ ಹೆಚ್ಚಿ, ಮೀನಖಂಡದವರೆಗೆ ಜುಮುಜುಮು ಎಂದಿತು. ತೊಡೆಯ ಸ್ನಾಯು ಪಾದವನ್ನು ತಲುಪುವುದೇ ಇಲ್ಲ. ಪಾದ ಮಡಚಿದಾಗ ತೊಡೆಯ ಹಿಂದೆ ಸೆಳೆತ ಏರಿದರೆ ಅಲ್ಲಿ ನರವೂ ಎಳೆಯಲ್ಪಡುತ್ತಿದೆ ಎಂದು ಅನುಮಾನಿಸಬೇಕು. ನರಕ್ಕೆ ದೀರ್ಘ ಎಳೆತ ಆಗಿಬರುವುದಿಲ್ಲ. ಬಿಗಿಯಾಗಿದೆ ಅನಿಸಿದ್ದೆಲ್ಲ ಗಿಡ್ಡವಾದ ಸ್ನಾಯುವಲ್ಲ. ಹಾಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆವು. ಗಂಭೀರವಾದದ್ದೇನಿಲ್ಲ, ವ್ಯಾಯಾಮ ಮುಂದುವರಿಸಬಹುದು ಎಂದ ಮೇಲೆಯೇ ಮುಂದಿನ ಮಾತು. (ಕಾಲಿನ ಬಲ ಕುಗ್ಗಿದರೆ, ತೊಡೆಸಂದಿನ ಸುತ್ತ ಸ್ಪರ್ಶ ಮಂಕಾದರೆ, ಮೂತ್ರದ ಮೇಲಿನ ಹಿಡಿತ ತಪ್ಪಿದರೆ ಒಂದು ದಿನವೂ ಕಾಯುವಂತಿಲ್ಲ.)

ಕೊಟ್ಟ ಸಲಹೆ ಹೀಗಿತ್ತು. ಬೆಳಗಿನ ಜಗ್ಗಾಟ ಸಂಪೂರ್ಣ ಬಂದ್. ಓಟಕ್ಕೆ ಮುನ್ನ ಮೂರು ನಿಮಿಷ ಚುರುಕು ನಡಿಗೆ, ಆಮೇಲೆ ಗೋಡೆ ಹಿಡಿದು ಪ್ರತಿ ಕಾಲನ್ನು ಹಿಂದೆ ಮುಂದೆ ಹತ್ತು ಸಲ ತೂಗುವುದು, ಎಂಟು ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿಯುವುದು), ಹದಿನೈದು ಸಲ ಹಿಮ್ಮಡಿ ಎತ್ತಿ ಇಳಿಸುವುದು. ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುವಿನ ಕಸುವು ಸ್ವಲ್ಪ ಹೊತ್ತು ತಗ್ಗುತ್ತದೆ. ಅದಕ್ಕೇ ಓಟದ ಮುಂಚೆ ದೀರ್ಘ ಹಿಡಿತ ಬೇಡವೆಂದೆವು.

ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಮೈ ಬೆಚ್ಚಗಿರುವ ಓಟದ ನಂತರಕ್ಕೆ. ಪ್ರತಿ ಭಂಗಿ 30 ಸೆಕೆಂಡ್, ಪ್ರತಿ ಕಡೆ ಎರಡು ಸಲ. ಮೀನಖಂಡಕ್ಕೆ ಗೋಡೆಗೆ ಕೈಯೊತ್ತಿ, ಹಿಂದಿನ ಹಿಮ್ಮಡಿ ನೆಲಕ್ಕೂರಿ ಒಮ್ಮೆ ಮಂಡಿ ನೇರವಾಗಿ, ಇನ್ನೊಮ್ಮೆ ಮಡಚಿ. ಮಂಡಿ ಮಡಚಿದಾಗಲೇ ಒಳಪದರದ ಸ್ನಾಯುವಿಗೆ ಎಳೆತ ಸರಿಯಾಗಿ ಸಿಗುವುದು. ತೊಡೆಯ ಹಿಂಭಾಗಕ್ಕೆ ಅಂಗಾತ ಮಲಗಿ, ಟವೆಲನ್ನು ಪಾದಕ್ಕಲ್ಲ, ತೊಡೆಯ ಹಿಂದೆ ಹಾಕಿ ಎತ್ತುವುದು. ಮಂಡಿ ತುಸು ಮಡಚಿರಲಿ, ಪಾದ ಸಡಿಲವಿರಲಿ. ಜುಮು ಎಂದರೆ ಆ ಹಂತದಿಂದ ಹಿಂದೆ ಬರಬೇಕು.

ಸೊಂಟದ ಮುಂಭಾಗದ್ದೇ ಹೆಚ್ಚು ಜನ ಕೆಡಿಸುವ ಭಂಗಿ. ಒಂದು ಮಂಡಿಯೂರಿ ಕೂತು ಮುಂದಕ್ಕೆ ವಾಲಿದರೆ ಹೆಚ್ಚಿನವರ ಸೊಂಟ ಹಿಂದಕ್ಕೆ ಕಮಾನಾಗುತ್ತದೆ, ಎಳೆತ ತೊಡೆಯ ಬದಲು ಬೆನ್ನಿಗೆ ಹೋಗುತ್ತದೆ. ಊರಿದ ಮಂಡಿಯ ಕಡೆಯ ಪೃಷ್ಠವನ್ನು ಗಟ್ಟಿಯಾಗಿ ಬಿಗಿದರೆ, ಒಂದಂಗುಲ ವಾಲಿದರೂ ತೊಡೆಯ ಮೇಲ್ಭಾಗದಲ್ಲಿ ಎಳೆತ ಸ್ಪಷ್ಟವಾಗಿ ತಿಳಿಯುತ್ತದೆ. ಇವರಿಗೆ ಆ ಒಂದಂಗುಲವೇ ಹೊಸದಾಗಿ ಕಂಡಿತು.

ಎಳೆತದ ಅಳತೆ: ಹತ್ತಕ್ಕೆ ನಾಲ್ಕೈದು. ಮಾತಾಡುತ್ತಾ ಹಿಡಿದಿರಲು ಆಗಬೇಕು. ಓಟವಿಲ್ಲದ ದಿನಗಳಲ್ಲಿ ಎರಡು ದಿನ ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಪೃಷ್ಠ ಎತ್ತುವುದು), ಹತ್ತು ಸಲದಂತೆ ಮೂರು ಸರದಿ. ದುರ್ಬಲ ಸ್ನಾಯು ಕೂಡ ಬಿಗಿಯಾದಂತೆ ಅನಿಸಬಹುದು. ಅದಕ್ಕೆ ಎಳೆತಕ್ಕಿಂತ ಬಲ ಬೇಕು. ಕೆಲಸದಲ್ಲಿ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಬೇಕು.

ಏನು ಸಿಗುವುದಿಲ್ಲ ಎಂಬುದನ್ನೂ ಹೇಳಿದೆವು. ಓಡಿದ ಮರುದಿನದ ಮೈನೋವನ್ನು ಸ್ಟ್ರೆಚಿಂಗ್ ಹೆಚ್ಚೇನೂ ಕಡಿಮೆ ಮಾಡದು, ಗಾಯವಾಗದೆಂಬ ಭರವಸೆಯನ್ನೂ ಕೊಡದು. ಸಿಗುವುದು ಕೀಲುಗಳ ಚಲನೆ, ನಿರಾಳವಾಗಿ ಬಗ್ಗಿ ಏಳುವ ಸಲೀಸು. ಮೊದಲ ವಾರಗಳಲ್ಲಿ ಕಾಲು ಮೇಲೇರುವುದು ಸ್ನಾಯು ಉದ್ದವಾದದ್ದಕ್ಕಿಂತ, ಎಳೆತವನ್ನು ದೇಹ ಸಹಿಸಲು ಕಲಿತದ್ದರಿಂದ. ಆ ಕಲಿಕೆಗೆ ನೋವು ಬೇಕಿಲ್ಲ, ಪುನರಾವರ್ತನೆ ಸಾಕು.

ನಿಜವಾದ ತೊಡಕು ಹತ್ತನೇ ದಿನ ಬಂತು: "ನೋವೇ ಇಲ್ಲ, ಏನೂ ಮಾಡಿದಂತಿಲ್ಲ" ಎಂದು ಕರೆ ಮಾಡಿದರು. ಅವರನ್ನು ದೂರದೆ, ಅಳತೆಯನ್ನು ನೋವಿನಿಂದ ಬೇರೆಡೆಗೆ ಸರಿಸಿದೆವು: ವಾರಕ್ಕೊಮ್ಮೆ ಮಲಗಿ ಕಾಲೆತ್ತಿ, ಅದು ಎಲ್ಲಿ ನಿಲ್ಲುತ್ತದೆಂದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಹಾಕುವುದು. ಎಂಟು ವಾರಕ್ಕೆ ಗೆರೆ ಒಂದು ಗೇಣು ಮೇಲೇರಿತ್ತು, ಜುಮುಜುಮು ನಿಂತಿತ್ತು. ಈಗ ಓಟದ ದೂರವನ್ನು ನಿಧಾನವಾಗಿ ಹೆಚ್ಚಿಸಲು ಹೇಳಿದ್ದೇವೆ; ಜುಮುಜುಮು ಮರಳಿದರೆ ಎಳೆತ ನಿಲ್ಲಿಸಿ ಕೂಡಲೇ ತಿಳಿಸಬೇಕು.