ಕಪ್ಪು ಟೀಶರ್ಟ್ ಮತ್ತು ‘ಮೂರು ಹಾಡು ಹೇಳು’ ಎಂಬ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಲೆನಾಡಿನ ಸಣ್ಣ ಊರಿನಿಂದ ಬಂದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ಹುಡುಗ. ನಿದ್ದೆ ಬರುತ್ತಿಲ್ಲ, ಪುಸ್ತಕ ಹಿಡಿದರೆ ಎದೆ ಡವಗುಟ್ಟುತ್ತದೆ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ. ಮೊದಲ ಭೇಟಿಯೆಲ್ಲ ಪರೀಕ್ಷೆಯ ಮಾತೇ ಆಯಿತು. ಎರಡನೆಯದರಲ್ಲಿ ಹಣದ ವಿಷಯ ಹೊರಬಿತ್ತು. ಮೆಸ್‌ಗೆಂದು ಮನೆಯಿಂದ ಬಂದ ದುಡ್ಡು, ರೂಂಮೇಟ್ ಹತ್ತಿರ ಮಾಡಿದ ಸಾಲ ಎಲ್ಲವೂ ಲೆದರ್ ಜಾಕೆಟ್, ಬೂಟು, ಬ್ಯಾಂಡ್‌ಗಳ ಕಪ್ಪು ಟೀಶರ್ಟ್‌ಗಳಿಗೆ ಹೋಗಿತ್ತು.

ರಾಕ್ ಸಂಗೀತದ ಅಬ್ಬರದ ಬಗೆಯಾದ ಮೆಟಲ್ ಎಂದರೆ ಅವನಿಗೆ ಪ್ರಾಣ. ಐರನ್ ಮೇಡನ್‌ ಗಿಟಾರ್‌ಗಳ ಬಗ್ಗೆ ಹೇಳುವಾಗ ಅವನ ಬೆರಳು ತಾವಾಗಿ ತಾಳ ಹಾಕುತ್ತಿದ್ದವು. ಆ ಬ್ಯಾಂಡ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದಾಗ ಅವನಿನ್ನೂ ಚಿಕ್ಕವನು. ಮುಂದೆ ಊರಿನಲ್ಲಿ ಕೂತು ಆ ವಿಡಿಯೋಗಳನ್ನು ನೋಡುತ್ತಾ, ಕಪ್ಪು ಬಟ್ಟೆಯ ಆ ಗುಂಪಿನಲ್ಲಿ ತಾನೂ ನಿಲ್ಲಬೇಕೆಂದು ಆಸೆಪಟ್ಟವನು.

ಕೊನೆಗೂ ಬ್ಯಾಂಡ್‌ಗಳು ವೇದಿಕೆಯಲ್ಲಿ ನುಡಿಸುವ ಒಂದು ಗಿಗ್‌ಗೆ ಹೋದ. ಅಲ್ಲಿ ಒಬ್ಬ ಹಿರಿಯ ಇವನ ಟೀಶರ್ಟ್ ನೋಡಿ, “ಈ ಬ್ಯಾಂಡಿಂದು ಮೂರು ಹಾಡಿನ ಹೆಸರು ಹೇಳು ನೋಡೋಣ” ಎಂದ. ಗೊತ್ತಿರಲಿಲ್ಲ. ‘ಪೋಸರ್’ (ಬರೀ ವೇಷ ಹಾಕಿದವನು) ಎಂದು ಸುತ್ತಲಿದ್ದವರು ನಕ್ಕರು.

“ಅವತ್ತಿಂದ ಎಲ್ರೂ ನನ್ನನ್ನೇ ನೋಡ್ತಿದಾರೆ ಅನ್ಸುತ್ತೆ ಮೇಡಂ. ಅದಕ್ಕೇ ಜಾಕೆಟ್ ತಗೊಂಡೆ.”

ಗಂಟು ಇದ್ದದ್ದು ಈ ಮಾತಿನಲ್ಲಿ. ಬಟ್ಟೆಯಿಂದಾದ ಅವಮಾನಕ್ಕೆ ಇನ್ನಷ್ಟು ಬಟ್ಟೆಯನ್ನೇ ಮದ್ದು ಎಂದುಕೊಂಡಿದ್ದ.

ಅವನಿಗೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ಮುಜುಗರ ತರುವಂಥ, ಗಾಯಕನೊಬ್ಬನ ಚಿತ್ರವಿದ್ದ ಟೀಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗಮನಿಸಿದವರು ಹೆಚ್ಚುಕಡಿಮೆ ಕಾಲುಭಾಗ. ಹುಡುಗ ಬಹಳ ಹೊತ್ತು ಸುಮ್ಮನಿದ್ದ.

ಇನ್ನೊಂದು ಸಂಗತಿಯನ್ನು ಅವನೇ ಹೇಳಿದ. ಲೆದರ್ ಮತ್ತು ಮುಳ್ಳುಪಟ್ಟಿಯನ್ನು ಮೆಟಲ್‌ನ ಸಮವಸ್ತ್ರವಾಗಿಸಿದವರು ಜುಡಾಸ್ ಪ್ರೀಸ್ಟ್‌ನ ಗಾಯಕ ರಾಬ್ ಹ್ಯಾಲ್ಫರ್ಡ್, 1970ರ ದಶಕದ ಕೊನೆಯಲ್ಲಿ. ಅವರು ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದು 1998ರಲ್ಲಿ. ಎಲ್ಲರಿಗೂ ವೇಷ ಕೊಟ್ಟ ಮನುಷ್ಯನೇ ಅಷ್ಟು ವರ್ಷ ತನ್ನದೊಂದನ್ನು ಬಚ್ಚಿಟ್ಟುಕೊಂಡು ಹಾಡಿದ. ಹೇಳುತ್ತಾ ಹುಡುಗನ ಕಣ್ಣು ತುಂಬಿತು. ನಾನು ಮಾತು ಸೇರಿಸಲಿಲ್ಲ.

ಕಪ್ಪು ಬಟ್ಟೆ ಬಿಡು ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಒಂದು ಗುಂಪಿಗೆ ಸೇರಬೇಕೆಂಬ ಆಸೆ ಆ ವಯಸ್ಸಿನಲ್ಲಿ ಹಸಿವಿನಷ್ಟೇ ನಿಜ. ಕೊಟ್ಟ ಸಲಹೆ ಇಷ್ಟು: ಒಂದು ಆಲ್ಬಮ್ಮನ್ನಾದರೂ ಪೂರ್ತಿ ಕೇಳಿದ ಬ್ಯಾಂಡಿನ ಟೀಶರ್ಟನ್ನೇ ಹಾಕು. ಮುಂದಿನದನ್ನು ಗಿಗ್‌ನಲ್ಲಿ ಆ ಬ್ಯಾಂಡಿನವರ ಮೇಜಿನಿಂದಲೇ ಕೊಳ್ಳು, ದುಡ್ಡು ನುಡಿಸುವವರಿಗೆ ಸೇರಲಿ. ಈ ಸಲ ಜಾಕೆಟ್ ಬಿಟ್ಟು, ಜೀನ್ಸ್ ಮತ್ತು ಬೆರಳು ಮುಚ್ಚುವ ಶೂ ಹಾಕಿ ಹೋಗು. ವೇದಿಕೆಯ ಮುಂದಿನ ನೂಕಾಟದಲ್ಲಿ ಅದೇ ಕ್ಷೇಮ. ಯಾರಾದರೂ ಮತ್ತೆ ಪರೀಕ್ಷೆ ಮಾಡಿದರೆ, “ಇನ್ನೂ ಅಷ್ಟು ಕೇಳಿಲ್ಲ, ಯಾವುದರಿಂದ ಶುರು ಮಾಡ್ಲಿ?” ಎಂದು ಕೇಳು. ನನ್ನೆದುರೇ ಆ ಮಾತನ್ನು ನಾಲ್ಕೈದು ಸಲ ಆಡಿಸಿದೆ. ಮೊದಲ ಸಲ ಅವನ ದನಿ ನಡುಗಿತು.

ಅಮ್ಮನದು ಬೇರೆ ಚಿಂತೆ. ರಜೆಗೆ ಹೋದಾಗ, “ಇದೇನೋ ಮಗಾ ಎದೆ ಮೇಲೆ ಬುರುಡೆ?” ಎಂದು ಹೆದರಿದ್ದರಂತೆ. ಅಯ್ಯಪ್ಪ ಮಾಲೆ ಹಾಕಿದವರ ಕಪ್ಪು ಬಟ್ಟೆಗೆ ಅವರು ಹೆದರುವುದಿಲ್ಲ, ಯಾಕೆಂದರೆ ಅದರ ಕಾರಣ ಅವರಿಗೆ ಗೊತ್ತು. ನಿನ್ನದು ಗೊತ್ತಿಲ್ಲ, ಕೂರಿಸಿ ಒಂದು ಹಾಡು ಕೇಳಿಸು ಎಂದೆ. ಕೇಳಿಸಿದ. “ಗಲಾಟೆ ಜಾಸ್ತಿ, ಆದ್ರೆ ಆ ಗಿಟಾರು ಚೆನ್ನಾಗಿದೆ” ಎಂದರಂತೆ.

ಗಿಗ್‌ಗೂ ಹೋಗಿಬಂದಿದ್ದಾನೆ, ಯಾರೂ ಏನೂ ಕೇಳಲಿಲ್ಲ. ನಿದ್ದೆ ಸುಧಾರಿಸಿದೆ. ಜಾಕೆಟ್ ಮಾರಿ ರೂಂಮೇಟ್ ಸಾಲದಲ್ಲಿ ಒಂದಿಷ್ಟು ತೀರಿಸಿದ್ದಾನೆ, ಉಳಿದದ್ದು ತಿಂಗಳ ಕಂತು. ಮೆಸ್ ದುಡ್ಡಿನ ವಿಷಯ ಮಾತ್ರ ಅಮ್ಮನಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡಬೇಕಿದೆ.